ಗಾಜಿನ ತಟ್ಟೇಲಿ ಸತ್ತ ರೋಗ ನಮ್ಮ ಶುಂಠಿ ಬೆಡ್ಡಲ್ಲಿ ಸಾಯ್ತದಾ?

ಇವತ್ತಿನ ಬರಹ ಸ್ವಲ್ಪ ಉದ್ದ ಇದೆ. ಮಳೆ ಹಿಡ್ಕೊಂಡಿದೆ, ಹೊಲಕ್ಕೆ ಇಳಿಯೋ ಹಾಗಿಲ್ಲ, ಹೇಗೂ ಕೂತಿದ್ದೀರಿ, ಪೂರ್ತಿ ಓದಿ. ಕೆಲವರಿಗೆ ಸಿಟ್ಟು ಬರಬಹುದು. ಗಿಡಮೂಲಿಕೆ ಔಷಧಿ ಮಾರೋರಿಗೆ ಬರುತ್ತೆ, ಪ್ರಯೋಗಾಲಯದವರಿಗೆ ಬರುತ್ತೆ, "ನಮ್ಮ ಅಜ್ಜಿ ಕಾಲದಿಂದ ಇದೆ" ಅನ್ನೋ ನಮ್ಮೋರಿಗೂ ಬರುತ್ತೆ. ಬರಲಿ. ನಾನು ಕಳ್ಕೊಂಡಿದ್ದು ನನ್ನ ದುಡ್ಡು, ಹಾಗಾಗಿ ಮಾತಾಡೋ ಹಕ್ಕು ನನಗಿದೆ.

ಹೋದ ವರ್ಷ ಒಂದು ಎಕರೆ ಶುಂಠಿ ಹಾಕಿದ್ದೆ. ಏಪ್ರಿಲ್ ಕೊನೇಲಿ ನಾಟಿ, ಒಳ್ಳೆ ಮೊಳಕೆ, ಜೂನ್‌ವರೆಗೆ ನೋಡಿದೋರೆಲ್ಲ ಹೊಗಳಿದ್ರು. ಜುಲೈ ಮಳೆಗೆ ಇಳಿಜಾರಿನ ಕೆಳಗಡೆ ಎರಡು ಬೆಡ್ಡಲ್ಲಿ ಎಲೆ ಹಳದಿ ತಿರುಗ್ತು. ಎಳೆದರೆ ಕಾಂಡ ಕೈಗೆ ಬರ್ತಿತ್ತು, ಗಬ್ಬು ವಾಸನೆ. ಕೊಳೆ ರೋಗ ಅಂತ ನಿಮಗೆ ಹೇಳಬೇಕಾಗಿಲ್ಲ. ಅದೇ ವಾರ ಒಬ್ಬ ಹುಡುಗ ಬೈಕಲ್ಲಿ ಬಂದ. ಚೀಲದಲ್ಲಿ ಹಸಿರು ಬಾಟ್ಲಿ. "ಅಣ್ಣಾ, ಐದು ಔಷಧಿ ಗಿಡದ ಸಾರ ಇದು, ಕೆಮಿಕಲ್ ಒಂದು ಹನಿ ಇಲ್ಲ, ಲ್ಯಾಬಲ್ಲಿ ಪ್ರೂವ್ ಆಗಿದೆ" ಅಂದ. ಮೊಬೈಲಲ್ಲಿ ಒಂದು ಫೋಟೋ ತೋರಿಸಿದ. ದುಂಡಗಿನ ಗಾಜಿನ ತಟ್ಟೆ, ಅದರ ತುಂಬ ಮಸುಕು ಪೊರೆ, ಮಧ್ಯೆ ಒಂದು ತೂತು, ತೂತಿನ ಸುತ್ತ ತಿಳಿಯಾದ ಉಂಗುರ. "ನೋಡಣ್ಣಾ, ಔಷಧಿ ಬಿದ್ದ ಜಾಗದಲ್ಲಿ ರೋಗಾಣು ಹೆಂಗೆ ಸತ್ತಿದೆ" ಅಂದ. ಕಣ್ಣಿಗೆ ಕಂಡದ್ದಲ್ವಾ, ನಂಬಿದೆ. ನಾಲ್ಕು ಲೀಟರ್ ತಗೊಂಡು ಇಡೀ ಎಕರೆಗೆ ಬುಡಕ್ಕೆ ಹುಯ್ದೆ.

ಇಪ್ಪತ್ತು ದಿನದಲ್ಲಿ ಎರಡು ಬೆಡ್ಡಿನ ರೋಗ ಅರ್ಧ ಹೊಲಕ್ಕೆ ಹಬ್ಬಿತು. ಅರವತ್ತು ಕೆ.ಜಿ.ಯ 150 ಮೂಟೆ ಲೆಕ್ಕ ಹಾಕಿದ್ದೋನಿಗೆ ಕಿತ್ತಾಗ ಸಿಕ್ಕಿದ್ದು 60 ಚಿಲ್ಲರೆ. ಬೀಜದ ಸಾಲ ಇನ್ನೂ ತೀರಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪು ಹೇಳ್ತೀನಿ. ಒಂದೇ ಒಂದು ಬೆಡ್ಡನ್ನೂ ನಾನು ಔಷಧಿ ಹಾಕದೆ ಬಿಟ್ಟಿರಲಿಲ್ಲ. ಹಾಗಾಗಿ "ಬಾಟ್ಲಿ ಕೆಲಸ ಮಾಡಲಿಲ್ಲ" ಅಂತ ಹೇಳೋ ಹಕ್ಕೂ ನನಗೆ ಪೂರ್ತಿ ಇಲ್ಲ. ಹಾಕದೇ ಇದ್ದಿದ್ರೆ 60 ಮೂಟೆ ಬದಲು 30 ಆಗ್ತಿತ್ತೋ ಏನೋ, ಯಾರಿಗ್ಗೊತ್ತು? ಆ ಹುಡುಗ ಮತ್ತೆ ಬಂದಾಗ ಅದನ್ನೇ ಹೇಳಿದ. ನನ್ನ ಹತ್ರ ಉತ್ತರ ಇರಲಿಲ್ಲ.

ಆಮೇಲೆ ನನ್ನ ಅಕ್ಕನ ಮಗಳ ಹತ್ರ ಕೂತೆ. ಅವಳು ಎಂ.ಎಸ್ಸಿ. ಓದ್ತಿದ್ದಾಳೆ. ಬಾಟ್ಲಿ ಕಂಪನಿಯವರು ಕಳಿಸಿದ್ದ ವರದಿ ಕೊಟ್ಟೆ. ಎರಡು ಪುಟ ಓದಿ ನಕ್ಕಳು. "ಮಾವ, ಇದರಲ್ಲಿ ಟೆಸ್ಟ್ ಮಾಡಿರೋದು ಈ-ಕೋಲೈ, ಸ್ಟೆಫಿಲೋಕಾಕಸ್, ಕ್ಯಾಂಡಿಡಾ. ಮನುಷ್ಯರ ಭೇದಿ, ಕೀವು, ಬಾಯಿಹುಣ್ಣಿಗೆ ಸಂಬಂಧಪಟ್ಟವು. ನಿಮ್ಮ ಶುಂಠಿಗೂ ಇದಕ್ಕೂ ಏನು ಸಂಬಂಧ?" ಅಂದಳು.

ಆ ತಟ್ಟೆ ಏನು ಅಂತ ಅವಳು ಹೇಳಿದ್ದನ್ನ ನನಗೆ ಅರ್ಥ ಆದಷ್ಟು ಹೇಳ್ತೀನಿ. ಅಗರ್ ಅನ್ನೋ ಜೆಲ್ಲಿ ತರದ ವಸ್ತುವನ್ನ ತಟ್ಟೆಗೆ ಹುಯ್ದು, ಮೇಲೆ ಬ್ಯಾಕ್ಟೀರಿಯಾ ಸವರ್ತಾರೆ. ಜೆಲ್ಲಿಯಲ್ಲಿ ಸಣ್ಣ ತೂತು ಕೊರೆದು ಗಿಡದ ಸಾರ ಬಿಡ್ತಾರೆ. ಒಂದು ರಾತ್ರಿ ಬೆಚ್ಚಗಿಟ್ಟರೆ ಬ್ಯಾಕ್ಟೀರಿಯಾ ತಟ್ಟೆ ತುಂಬ ಬೆಳೆಯುತ್ತೆ. ಸಾರ ಹರಡಿದ ಕಡೆ ಬೆಳೆಯದೇ ಇದ್ದರೆ ತಿಳಿ ಉಂಗುರ ಕಾಣುತ್ತೆ. ಆ ಉಂಗುರವನ್ನ ಸ್ಕೇಲಿಟ್ಟು ಮಿಲಿಮೀಟರಲ್ಲಿ ಅಳೀತಾರೆ. ಶಿಲೀಂಧ್ರಕ್ಕಾದರೆ ಜೆಲ್ಲಿಯಲ್ಲೇ ಸಾರ ಬೆರೆಸಿ, ಬೂಜು ಎಷ್ಟು ಅಗಲ ಬೆಳೀತು ಅಂತ ನೋಡೋ ಇನ್ನೊಂದು ವಿಧಾನ ಇದೆ.

ಈ ಪರೀಕ್ಷೆ ಸುಳ್ಳು ಅಂತ ನಾನು ಹೇಳ್ತಿಲ್ಲ. ನೂರು ಗಿಡದಲ್ಲಿ ಯಾವುದರ ಮೇಲೆ ಮುಂದೆ ಕೆಲಸ ಮಾಡಬೇಕು ಅಂತ ಆರಿಸೋಕೆ ಇದು ಒಳ್ಳೆ ಜರಡಿ. ನನ್ನ ತಕರಾರು ಏನಂದ್ರೆ, ಜರಡಿ ಹಿಡಿದ ಮಾತ್ರಕ್ಕೆ ಹಿಟ್ಟಾಗಲ್ಲ, ರೊಟ್ಟಿಯಂತೂ ಆಗೋದೇ ಇಲ್ಲ. ನಮಗೆ ಮಾರ್ತಿರೋದು ಜರಡೀಲಿ ಉಳಿದದ್ದನ್ನ, ರೊಟ್ಟಿ ಅಂತ ಹೇಳಿ.

ಮೊದಲನೇದು, ಶತ್ರು ಯಾರು ಅಂತಲೇ ನೋಡಿಲ್ಲ. ನಮ್ಮ ಶುಂಠಿಗೆ ಮುಖ್ಯವಾಗಿ ಎರಡು ಕಾಟ. ಮೆತ್ತಗೆ ಕೊಳೆಯೋ ರೋಗಕ್ಕೆ ಪಿಥಿಯಂ ಕಾರಣ. ಹಸಿರಾಗಿದ್ದ ಹಾಗೇ ಎಲೆ ಸುರುಳಿ ಸುತ್ಕೊಂಡು ಬಾಡೋ ರೋಗಕ್ಕೆ ರಾಲ್ಸ್ಟೋನಿಯಾ ಅನ್ನೋ ಬ್ಯಾಕ್ಟೀರಿಯಾ ಕಾರಣ. ಪಿಥಿಯಂ ನೋಡೋಕೆ ಶಿಲೀಂಧ್ರದ ಹಾಗಿದ್ದರೂ ಅದು ನಿಜವಾದ ಶಿಲೀಂಧ್ರದ ಜಾತಿಯೇ ಅಲ್ಲ. ಅದರ ಗೋಡೆ ಕಟ್ಟಿರೋದು ಹೆಚ್ಚಾಗಿ ಗಿಡಗಳ ಹಾಗೆ ಸೆಲ್ಯುಲೋಸಿನಿಂದ, ಶಿಲೀಂಧ್ರದ ಹಾಗೆ ಕೈಟಿನ್‌ನಿಂದಲ್ಲ. ಅದಕ್ಕೇ ಎಷ್ಟೋ ಶಿಲೀಂಧ್ರನಾಶಕ ಬೇರೆ ರೋಗ ನಿಲ್ಲಿಸುತ್ತವೆ, ಶುಂಠಿ ಕೊಳೆ ನಿಲ್ಲಿಸಲ್ಲ. ಕ್ಯಾಂಡಿಡಾ ಮೇಲೆ ಉಂಗುರ ಬಂತು ಅಂತ ಪಿಥಿಯಂ ಸಾಯುತ್ತೆ ಅನ್ನೋದು, ಇಲಿ ಪಾಷಾಣ ಇದೆ ಕಾಡಂದಿ ಬರಲ್ಲ ಅಂದ ಹಾಗೆ.

ನಿಮ್ಮ ಹೊಲದಲ್ಲಿ ಇರೋದು ಯಾವುದು ಅಂತ ನೀವೇ ನೋಡಬಹುದು, ಕಾಸು ಖರ್ಚಿಲ್ಲ. ಬಾಡ್ತಿರೋ ಗಿಡದ ಕಾಂಡವನ್ನ ಬುಡದಲ್ಲಿ ಹರಿತವಾಗಿ ಕುಯ್ದು, ತಿಳಿ ನೀರಿನ ಗಾಜಿನ ಲೋಟದಲ್ಲಿ ಕುಯ್ದ ತುದಿ ಮುಳುಗೋ ಹಾಗೆ ಹಿಡೀರಿ. ಕೆಲವು ನಿಮಿಷದಲ್ಲಿ ಹಾಲಿನ ಎಳೆ ತರ ಕೆಳಗೆ ಇಳಿದರೆ ಅದು ಬ್ಯಾಕ್ಟೀರಿಯಾ. ಎಳೆ ಇಳಿಯದೆ, ಬುಡ ನೀರು ತುಂಬಿದ ಹಾಗೆ ಮೆತ್ತಗಾಗಿ, ಎಳೆದ ತಕ್ಷಣ ಕಿತ್ತು ಬಂದರೆ ಬಹುಪಾಲು ಪಿಥಿಯಂ. ಇದು ಗೊತ್ತಿಲ್ಲದೆ ಯಾವ ಬಾಟ್ಲಿ ಹುಯ್ದರೂ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಎರಡನೇದು, ಡೋಸಿನ ಲೆಕ್ಕ. ಇದನ್ನ ಪೆನ್ನು ಹಿಡ್ಕೊಂಡು ಓದಿ. ಇಂಥ ಎಷ್ಟೋ ವರದಿಗಳಲ್ಲಿ ಒಂದು ಮಿಲಿ ದ್ರವಕ್ಕೆ ಹತ್ತು, ಐವತ್ತು, ನೂರು ಮಿಲಿಗ್ರಾಂ ಒಣ ಸಾರ ಬೆರೆಸಿ ಪರೀಕ್ಷೆ ಮಾಡಿರ್ತಾರೆ. ಅದೇ ತಟ್ಟೇಲಿ ಹೋಲಿಕೆಗೆ ಇಟ್ಟ ಆ್ಯಂಟಿಬಯೋಟಿಕ್ ಮೈಕ್ರೋಗ್ರಾಂ ಲೆಕ್ಕದಲ್ಲಿರುತ್ತೆ, ಅಂದ್ರೆ ಅದಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಆಮೇಲೆ "ನಮ್ಮ ಸಾರ ಆ್ಯಂಟಿಬಯೋಟಿಕ್‌ಗೆ ಸಮ" ಅಂತ ಬರೀತಾರೆ. ಈ ಕ್ಷೇತ್ರದ ವಿಜ್ಞಾನಿಗಳೇ ಇದನ್ನ ಬೈದಿದ್ದಾರೆ. ರಿಯೋಸ್ ಮತ್ತು ರೆಸಿಯೋ ಅನ್ನೋ ಸ್ಪೇನಿನ ಇಬ್ಬರು 2005ರಲ್ಲೇ ಬರೆದರು: ಕಚ್ಚಾ ಸಾರವನ್ನ ಮಿಲಿಗೆ ಒಂದು ಮಿಲಿಗ್ರಾಂಗಿಂತ ಜಾಸ್ತಿ ಹಾಕಿ ಮಾಡೋ ಪರೀಕ್ಷೆ ಬಿಡಿ, ಮಿಲಿಗೆ 100 ಮೈಕ್ರೋಗ್ರಾಂ ಒಳಗೆ ಕೆಲಸ ಮಾಡಿದರೆ ಅದು ನಿಜವಾಗಿ ಆಸಕ್ತಿಯ ವಿಷಯ ಅಂತ.

ಈಗ ನಮ್ಮ ಡ್ರಮ್ಮಿಗೆ ಬನ್ನಿ. 200 ಲೀಟರ್ ನೀರಿಗೆ ಮಿಲಿಗೆ ಒಂದು ಮಿಲಿಗ್ರಾಂ ಆಗಬೇಕಾದರೆ 200 ಗ್ರಾಂ ಒಣ ಸಾರ ಬೇಕು. ಒಣಗಿದ ಎಲೆಯಲ್ಲಿ ನೂರಕ್ಕೆ ಹತ್ತು ಭಾಗ ಸಾರ ಸಿಗ್ತದೆ ಅಂತ ಇಟ್ಕೊಳ್ಳಿ, 2 ಕೆ.ಜಿ. ಒಣ ಎಲೆ ಬೇಕು. ಹಸಿ ಸೊಪ್ಪಲ್ಲಿ ಸುಮಾರು 10 ಕೆ.ಜಿ. ಎಕರೆ ಶುಂಠಿಗೆ ಬೇರಿನವರೆಗೂ ಇಳಿಯೋ ಹಾಗೆ ಹುಯ್ಯೋಕೆ 30 ಡ್ರಮ್ಮು ಅಂದ್ರೆ 300 ಕೆ.ಜಿ. ಸೊಪ್ಪು. ಇದು ಕಷ್ಟ, ಆದ್ರೂ ಆಗೋ ಮಾತು. ಮಿಲಿಗೆ ನೂರು ಮಿಲಿಗ್ರಾಂ ಹಾಕಿದಾಗ ಉಂಗುರ ಬಂದಿದ್ದ ಸಾರ ಆದರೆ? ಅದರ ನೂರು ಪಟ್ಟು, 30 ಟನ್ ಸೊಪ್ಪು. ಒಂದು ಎಕರೆಗೆ, ಒಂದು ಸಲಕ್ಕೆ! ನಮ್ಮೂರ ಬೇಲಿಯ ಲಕ್ಕಿ ಗಿಡ ಎಲ್ಲಾ ಬೋಳಿಸಿದರೂ ಸಾಲದು. ನಾನು ಹುಯ್ದದ್ದು ನಾಲ್ಕು ಲೀಟರ್ ಬಾಟ್ಲಿ. ಅದರಲ್ಲಿ ಎಷ್ಟು ಸಾರ ಇತ್ತು ಅಂತ ಲೇಬಲ್ ಮೇಲೆ ಬರೆದೇ ಇರಲಿಲ್ಲ.

ಮೂರನೇದು, ತಟ್ಟೆಯ ಸಾರ ತೆಗೆದದ್ದು ಯಾವುದರಲ್ಲಿ? ಮೆಥನಾಲಲ್ಲಿ, ಕ್ಲೋರೋಫಾರಂನಲ್ಲಿ, ಈಥೈಲ್ ಅಸಿಟೇಟಲ್ಲಿ. ಎಷ್ಟೋ ಸಲ ಅದೇ ಗಿಡದ ನೀರಿನ ಸಾರಕ್ಕೆ ಉಂಗುರವೇ ಬರಲ್ಲ. ನಾವು ಹಂಡೆಯಲ್ಲಿ ಬೇಯಿಸೋದು ನೀರಲ್ಲಿ, ಇಲ್ಲ ಗಂಜಲದಲ್ಲಿ. ಸಾರ ತೆಗೆಯೋ ವಿಧಾನ ಬದಲಾದರೆ ಔಷಧಿಯೇ ಬದಲಾಗುತ್ತೆ. ಬೆಳ್ಳುಳ್ಳಿ ನೋಡಿ. ಅದರ ಶಕ್ತಿ ಇರೋದು ಆಲಿಸಿನ್ ಅನ್ನೋ ವಸ್ತುವಲ್ಲಿ. ಜಜ್ಜಿದಾಗ ಮಾತ್ರ ಅದು ಹುಟ್ಟುತ್ತೆ. ಇಡಿಯಾಗಿ ಕುದಿಸಿಬಿಟ್ಟರೆ ಅದನ್ನ ಹುಟ್ಟಿಸೋ ಕಿಣ್ವವೇ ಸಾಯುತ್ತೆ. ನಮ್ಮಲ್ಲಿ ಎಷ್ಟು ಜನ ಬೆಳ್ಳುಳ್ಳಿ ಕಷಾಯ ಗಂಟೆಗಟ್ಟಲೆ ಕುದಿಸಿ ಹೊಡೀತಿಲ್ಲ? ಚೀನಾದಲ್ಲಿ ತು ಯೂಯೂ ಅನ್ನೋ ಹೆಣ್ಣುಮಗಳು ಮಲೇರಿಯಾಕ್ಕೆ ಔಷಧಿ ಹುಡುಕುವಾಗ ಮೊದಮೊದಲು ಸಾರ ಸರಿಯಾಗಿ ಕೆಲಸ ಮಾಡ್ತಿರಲಿಲ್ಲ. ಹಳೇ ಪುಸ್ತಕದಲ್ಲಿ ಗಿಡವನ್ನ ನೀರಲ್ಲಿ ನೆನೆಸಿ ಹಿಂಡು ಅಂತ ಇತ್ತು, ಕುದಿಸು ಅಂತ ಇರಲಿಲ್ಲ. ಅದನ್ನ ಗಮನಿಸಿ 1971ರಲ್ಲಿ ಕಡಿಮೆ ಶಾಖದಲ್ಲಿ ಈಥರ್ ಬಳಸಿ ತೆಗೆದರು, ಫಲ ಸಿಕ್ತು. 2015ರಲ್ಲಿ ನೊಬೆಲ್ ಬಂತು. ಹಳಬರ ಮಾತನ್ನ ಅಕ್ಷರ ಬಿಡದೆ ಕೇಳಿಸ್ಕೊಂಡು, ಆಮೇಲೆ ಬಿಡದೆ ಪರೀಕ್ಷೆ ಮಾಡಿದ್ದಕ್ಕೆ ಸಿಕ್ಕ ಫಲ ಅದು. ನಮ್ಮಲ್ಲಿ ಎರಡರಲ್ಲಿ ಒಂದನ್ನೂ ಪೂರ್ತಿ ಮಾಡಲ್ಲ.

ನಾಲ್ಕನೇದು, ಮಣ್ಣು ಅಂದ್ರೆ ಜೆಲ್ಲಿ ಅಲ್ಲ. ತಟ್ಟೇಲಿ ಇರೋದು ಒಂದೇ ರೋಗಾಣು. ಮಣ್ಣಲ್ಲಿ ಕೋಟಿಗಟ್ಟಲೆ ಜೀವ, ಜೇಡಿ, ಗೊಬ್ಬರ, ಮಳೆ ನೀರು. ಸಾರದಲ್ಲಿ ಇರೋದು ಮಣ್ಣಿಗೆ ಅಂಟ್ಕೊಳ್ಳುತ್ತೆ, ಸೂಕ್ಷ್ಮಜೀವಿಗಳು ತಿಂದು ಹಾಕ್ತವೆ, ಮಳೆ ತೊಳೆಯುತ್ತೆ. ಇನ್ನೊಂದು ವಿಷಯ ಯಾರೂ ಹೇಳಲ್ಲ: ಶಿಲೀಂಧ್ರ ಕೊಲ್ಲೋ ಶಕ್ತಿ ನಿಜವಾಗಿಯೂ ಇದ್ದರೆ, ನಾವು ಬೇವಿನ ಹಿಂಡಿ ಜೊತೆ ಹಾಕಿರೋ ಟ್ರೈಕೋಡರ್ಮಾನ ಅದು ಬಿಡ್ತದಾ? ಟ್ರೈಕೋಡರ್ಮಾನೂ ಶಿಲೀಂಧ್ರವೇ. ಸೋಮವಾರ ಟ್ರೈಕೋಡರ್ಮಾ, ಗುರುವಾರ "ಎಲ್ಲಾ ಶಿಲೀಂಧ್ರಕ್ಕೂ ರಾಮಬಾಣ" ಅನ್ನೋ ಬಾಟ್ಲಿ. ಎರಡರ ದುಡ್ಡೂ ಹೊಳೆಗೆ.

ಹಾಗಾದ್ರೆ ಒಳ್ಳೇ ಕೆಲಸ ಆಗೇ ಇಲ್ವಾ? ಆಗಿದೆ, ನಮ್ಮ ಮೈಸೂರಲ್ಲೇ ಆಗಿದೆ. ಉಪ್ಪಿನಕಾಯಿಗೆ ಹಾಕೋ ಮಾಕಳಿ ಬೇರು ಗೊತ್ತಲ್ಲ? ಮಾನಸಗಂಗೋತ್ರಿಯ ಸಸ್ಯಶಾಸ್ತ್ರ ವಿಭಾಗದಲ್ಲಿ ಕೆ.ಎ. ರವೀಶ ಅವರ ತಂಡ ಆ ಬೇರಿನ ವಾಸನೆಗೆ ಕಾರಣವಾದ ವಸ್ತುವನ್ನೇ ಬೇರ್ಪಡಿಸಿ, ಬಿತ್ತನೆ ಬೀಜ ಕೆಡಿಸೋ ಶಿಲೀಂಧ್ರಗಳ ಮೇಲೆ ಪರೀಕ್ಷೆ ಮಾಡಿತು. ಸಾರದಲ್ಲಿ ಏನೋ ಇದೆ ಅಂತ ಬಿಡದೆ, ಇರೋದು ಇದು ಅಂತ ಹೆಸರು ಹಿಡಿದು ಹೇಳಿದರು. ಅದೇ ವಿಶ್ವವಿದ್ಯಾಲಯದಲ್ಲಿ ಎಚ್. ಶೇಖರ ಶೆಟ್ಟಿ ಅವರ ತಂಡ ಸಜ್ಜೆಯ ಡೌನಿ ಮಿಲ್ಡ್ಯೂ ಅನ್ನೋ ಬೂಜು ರೋಗಕ್ಕೆ ಉಮ್ಮತ್ತಿ ಸಾರದ ಬೀಜೋಪಚಾರ ಮಾಡಿ ನೋಡಿತು. ಆ ರೋಗದ ಜೀವಿ ನಮ್ಮ ಪಿಥಿಯಂನ ದಾಯಾದಿ. ಸಾರ ಗಿಡದ ಒಳಗಿನ ತಡೆಯೋ ಶಕ್ತಿಯನ್ನ ಎಬ್ಬಿಸುತ್ತೆ ಅಂತ 2009ರಲ್ಲಿ ಪ್ರಕಟ ಮಾಡಿದರು. ತಟ್ಟೆಯ ಉಂಗುರ ಮಾತ್ರ ನೋಡ್ಕೊಂಡು ಕೂತಿದ್ದರೆ ಇದು ಕಾಣ್ತಾನೇ ಇರಲಿಲ್ಲ, ಬೆಳೆಯೋ ಗಿಡದಲ್ಲಿ ನೋಡಿದ್ದಕ್ಕೆ ಕಂಡಿತು. (ಹಾಗಂತ ಯಾರೂ ಉಮ್ಮತ್ತಿ ಅರೆಯೋಕೆ ಹೋಗಬೇಡಿ. ಅದು ವಿಷ, ಮಕ್ಕಳು ದನ ಓಡಾಡೋ ಜಾಗ.) ಮಾಕಳಿಯದ್ದು ಇನ್ನೊಂದು ಕಷ್ಟ. ಬೇರು ಬೇಕಂದ್ರೆ ಗಿಡವನ್ನೇ ಅಗೀಬೇಕು. ಔಷಧಿ ಅಂತ ಸುದ್ದಿ ಹಬ್ಬಿದರೆ ಗುಡ್ಡದಲ್ಲಿ ಉಳಿದಿರೋದೂ ಖಾಲಿ.

ಇಂಥ ಕೆಲಸ ಶುಂಠಿಗೆ, ಹೊಗೆಸೊಪ್ಪಿನ ಸಸಿಮಡಿಗೆ, ಅರಿಶಿನಕ್ಕೆ ಯಾಕೆ ಇಷ್ಟು ಕಡಿಮೆ? ಅಕ್ಕನ ಮಗಳು ಹೇಳಿದ್ದು: "ಮಾವ, ವಿದ್ಯಾರ್ಥಿಗೆ ಪ್ರಾಜೆಕ್ಟಿಗೆ ಸಿಗೋದು ಆರು ತಿಂಗಳು. ಆಸ್ಪತ್ರೆ ಬ್ಯಾಕ್ಟೀರಿಯಾ ಚಂಡೀಗಢದಿಂದ ತರಿಸಿದರೆ ರೆಡಿಯಾಗಿ ಬರುತ್ತೆ. ರಾಲ್ಸ್ಟೋನಿಯಾ ಬೇಕಂದ್ರೆ ಹೊಲಕ್ಕೆ ಬಂದು ಬೇರ್ಪಡಿಸಬೇಕು." ಅವಳ ಮಾತು ನ್ಯಾಯ. ಆರು ತಿಂಗಳ ಹುಡುಗರನ್ನ ನಾನು ಬೈಯಲ್ಲ. ಅವರಿಗೆ ವರ್ಷವರ್ಷವೂ ಅದೇ ಲಕ್ಕಿ, ಅದೇ ತುಳಸಿ, ಅದೇ ಈ-ಕೋಲೈ ಕೊಡೋ ದೊಡ್ಡೋರನ್ನ ಕೇಳ್ತೀನಿ. ರೋಗದ ಶುಂಠಿ ನಾವು ಕೊಡ್ತೀವಿ ಸ್ವಾಮಿ, ಪುಕ್ಕಟೆ. ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ ಬಸ್ಸು ಹತ್ತಿ ಬನ್ನಿ, ಜುಲೈನಲ್ಲಿ ಯಾವ ಹೊಲಕ್ಕೆ ಕಾಲಿಟ್ಟರೂ ಸಿಗುತ್ತೆ.

ಇದು ಯಾಕೆ ಇಷ್ಟು ಅವಸರ ಅಂದ್ರೆ, ಗಿಡದ ಸಾರ ಕೈಕೊಟ್ಟಾಗ ನಾವು ಓಡೋದು ಔಷಧಿ ಅಂಗಡಿಯ ಸ್ಟ್ರೆಪ್ಟೋಸೈಕ್ಲಿನ್ ಪೊಟ್ಟಣಕ್ಕೆ. ಅದರಲ್ಲಿರೋದು ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್. ಸ್ಟ್ರೆಪ್ಟೋಮೈಸಿನ್ ಕ್ಷಯ ರೋಗಿಗೆ ಕೊಡೋ ಔಷಧಿ. ಹೊಲಕ್ಕೆ ಹುಯ್ದಷ್ಟೂ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹುಟ್ಟುತ್ತವೆ. ಇದರ ಕೃಷಿ ಬಳಕೆ ನಿಲ್ಲಿಸೋಕೆ ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಲ್ಲಿ ಕರಡು ಆದೇಶ ಹೊರಡಿಸಿತ್ತು. ಬಾಡೋ ರೋಗ ಬಂದ ಮೇಲೆ ಹುಯ್ದು ಉಳಿಸೋ ಔಷಧಿ ಅಂತೂ ಇಲ್ಲ. ರೋಗ ಇಲ್ಲದ ಹೊಲದ ಬೀಜ, ನೀರು ನಿಲ್ಲದ ಬೆಡ್ಡು, ಶುಂಠಿ ಹಾಕಿದ ಜಾಗಕ್ಕೆ ಕೆಲವು ವರ್ಷ ಶುಂಠಿ, ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ ಹಾಕದೇ ಇರೋದು, ಉಳಿಸೋದು ಇವೇ. ಗಿಡದ ಸಾರ ಇವುಗಳ ಜೊತೆಗೆ ಸೇರಬಹುದು, ಇವುಗಳ ಬದಲಿಗೆ ಬರಲ್ಲ.

ಈಗ ನಮ್ಮೋರ ಸರದಿ. "ಅಜ್ಜಿ ಕಾಲದ್ದು, ಅದಕ್ಕೆ ಯಾಕೆ ಟೆಸ್ಟು" ಅನ್ನೋರಿಗೆ ಒಂದು ಕತೆ. ಬೇವಿನ ಎಣ್ಣೆಯಿಂದ ಬೆಳೆಯ ಶಿಲೀಂಧ್ರ ತಡೆಯೋ ವಿಧಾನಕ್ಕೆ 1994ರಲ್ಲಿ ಯುರೋಪಿನ ಪೇಟೆಂಟ್ ಕಚೇರಿ, ಅಮೆರಿಕದ ಕೃಷಿ ಇಲಾಖೆ ಮತ್ತು ಡಬ್ಲ್ಯು.ಆರ್. ಗ್ರೇಸ್ ಕಂಪನಿಗೆ ಪೇಟೆಂಟ್ ಕೊಟ್ಟಿತ್ತು. ನಮ್ಮ ಬೇವಿಗೆ! ವಂದನಾ ಶಿವ ಮತ್ತೆ ಇನ್ನಿಬ್ಬರು ಹೆಣ್ಣುಮಕ್ಕಳು ತಕರಾರು ಹಾಕಿದರು. "ಭಾರತದಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ" ಅನ್ನೋ ಮಾತಿನ ಜೊತೆಗೆ, ಪುಣೆಯ ಕಂಪನಿಯೊಂದರ ಅಧಿಕಾರಿ ಬಂದು, 1985, 86ರಲ್ಲೇ ಮಹಾರಾಷ್ಟ್ರದ ಹೊಲಗಳಲ್ಲಿ ಬೇವಿನ ಸಾರ ಹೊಡೆದು ನೋಡಿದ್ದ ಪ್ರಯೋಗದ ಸಾಕ್ಷಿ ಹೇಳಿದ್ದು ದೊಡ್ಡ ಬಲ ಆಯ್ತು. 2000ದಲ್ಲಿ ಪೇಟೆಂಟ್ ರದ್ದಾಯಿತು, 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ತಿಳ್ಕೊಳ್ಳಿ. ಕೆಲಸಕ್ಕೆ ಬಂದದ್ದು ತಾರೀಖು ಸಮೇತ ಹೇಳಬಹುದಾದ ಹೊಲದ ಪ್ರಯೋಗ. ನಮ್ಮ ಹಾಡಿಗಳಲ್ಲಿ ಜೇನುಕುರುಬರ, ಬೆಟ್ಟಕುರುಬರ ಹಿರಿಯರಿಗೆ ಗೊತ್ತಿರೋ ಗಿಡ ನನಗೂ ನಿಮಗೂ ಗೊತ್ತಿಲ್ಲ. ಅವರ ಹತ್ರ ಕೇಳ್ಕೊಂಡು ಹೋಗಿ, ವರದಿಯಲ್ಲಿ "ಸ್ಥಳೀಯರಿಂದ ಮಾಹಿತಿ" ಅಂತ ಒಂದು ಸಾಲು ಬರೆದು ಮುಗಿಸ್ತಾರೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಿಮ್ಮ ಪಂಚಾಯ್ತಿಯಲ್ಲಿ ಆ ಪುಸ್ತಕ ಎಲ್ಲಿದೆ ಅಂತ ಒಂದು ಸಲ ಕೇಳಿ ನೋಡಿ.

ನನ್ನ ಬೇಡಿಕೆ ಇಷ್ಟು.

ಪ್ರಯೋಗಾಲಯದವರಿಗೆ: ನಮ್ಮ ಬೆಳೆಯ ರೋಗಾಣುವಿನ ಮೇಲೆ ಟೆಸ್ಟ್ ಮಾಡಿ. ನಾವು ಮನೇಲಿ ಮಾಡಬಹುದಾದ ನೀರಿನ ಸಾರವನ್ನೂ ಸೇರಿಸಿ. ತಟ್ಟೆ ಆದ ಮೇಲೆ ಕುಂಡ, ಕುಂಡ ಆದ ಮೇಲೆ ಹೊಲ. ಕೆಲಸ ಮಾಡದ ಗಿಡದ ಹೆಸರೂ ಹೇಳಿ, ಅದು ನಮಗೆ ಅಷ್ಟೇ ಉಪಕಾರ. ಫಲಿತಾಂಶ ಕನ್ನಡದಲ್ಲಿ ಒಂದು ಪುಟ ಕಳಿಸಿ.

ಬಾಟ್ಲಿ ಮಾರೋರಿಗೆ: ರೋಗ ವಾಸಿ ಆಗುತ್ತೆ ಅಂತ ಹೇಳಿ ಮಾರೋದಾದರೆ 1968ರ ಕೀಟನಾಶಕ ಕಾಯ್ದೆಯ ನೋಂದಣಿ ಸಂಖ್ಯೆ ಲೇಬಲ್ ಮೇಲೆ ತೋರಿಸಿ. ಯಾವ ಗಿಡ, ಎಷ್ಟು ಸಾರ, ಯಾವ ರೋಗಾಣು, ಯಾವ ಹೊಲ, ಯಾವ ವರ್ಷ? ಇದಕ್ಕೆ ಉತ್ತರ ಇಲ್ಲದಿದ್ದರೆ ಗೇಟಿನ ಆಚೆ ನಿಲ್ಲಿ.

ನಮಗೆ: ಏನೇ ಹೊಡೆದರೂ ಮೂರು ಬೆಡ್ಡು ಬಿಡಿ. ಮೂರೂ ಒಂದೇ ಕಡೆ ಬೇಡ. ಮೇಲೊಂದು, ಮಧ್ಯೆ ಒಂದು, ಕೆಳಗೊಂದು. ಅದಕ್ಕೂ ಅಷ್ಟೇ ನೀರು, ಬರೀ ನೀರು ಹುಯ್ಯಿರಿ. ಬಿಟ್ಟ ಬೆಡ್ಡಿಗೆ ಒಂದು ಬಣ್ಣದ ಕಡ್ಡಿ ನೆಡಿ. ವಾರಕ್ಕೊಂದು ಸಲ ಸತ್ತ ಬುಡ ಎಣಿಸಿ, ತಾರೀಖು ಹಾಕಿ ಮಕ್ಕಳ ಹಳೇ ನೋಟ್‌ಬುಕ್ಕಲ್ಲಿ ಬರೀರಿ. ಮೂರು ಬೆಡ್ಡಿನ ನಷ್ಟ ಆಗಬಹುದು. ನಾನು ಬಿಡದೇ ಇದ್ದದ್ದಕ್ಕೆ ಕಳ್ಕೊಂಡದ್ದು 90 ಮೂಟೆ, ಜೊತೆಗೆ ಆ ಹುಡುಗನಿಗೆ ಕೊಡಬೇಕಾದ ಉತ್ತರ.

ಈ ವರ್ಷ ಅರ್ಧ ಎಕರೆ ಮಾತ್ರ ಹಾಕಿದ್ದೀನಿ, ಬೇರೆ ಜಾಗದಲ್ಲಿ. ಮೂರು ಬೆಡ್ಡಿಗೆ ಬರೀ ನೀರು, ಮೂರಕ್ಕೆ ತಣ್ಣೀರಲ್ಲಿ ಜಜ್ಜಿ ಹಿಂಡಿದ ಬೆಳ್ಳುಳ್ಳಿ, ಮೂರಕ್ಕೆ ಲಕ್ಕಿ ಸೊಪ್ಪಿನ ನೀರು. ಉಳಿದದ್ದಕ್ಕೆ ತೋಟಗಾರಿಕೆಯವರು ಹೇಳಿದ ಕ್ರಮ. ಕೆಂಪು ಕಡ್ಡಿ ನೆಟ್ಟಿರೋದು ನೀರಿನ ಬೆಡ್ಡು. ಇವತ್ತಿನ ಲೆಕ್ಕಕ್ಕೆ ನೀರಿನ ಬೆಡ್ಡಲ್ಲಿ 11 ಬುಡ ಹೋಗಿದೆ, ಬೆಳ್ಳುಳ್ಳಿಯಲ್ಲಿ 9, ಲಕ್ಕಿಯಲ್ಲಿ 12. ಅಂದ್ರೆ ಇಲ್ಲೀವರೆಗೆ ಏನೂ ವ್ಯತ್ಯಾಸ ಇಲ್ಲ. ಮುಂದೆ ಬಂದರೆ ಬರೀತೀನಿ, ಬರದಿದ್ದರೂ ಬರೀತೀನಿ. ಮಳೆ ಬಿಟ್ಟ ಮೇಲೆ ಈ ಕಡೆ ಬಂದೋರು ಬೇಲಿ ದಾಟಿ ಬನ್ನಿ, ನೀವೇ ಎಣಿಸಿ. ನನ್ನ ಮಾತನ್ನೂ ಸುಮ್ಮನೆ ನಂಬಬೇಡಿ.